ದೊಡ್ಡಪ್ಪನ ದ್ರಾಕ್ಷಿ, ಫ್ರಾನ್ಸಿನ ಬಾಟಲಿ

ವೈನ್ ಅಂದ ಕೂಡಲೇ ನಮ್ಮಮ್ಮ ಇವತ್ತಿಗೂ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಇದು ಕುಡಿಯೋ ವಿಷಯ ಅಲ್ಲ, ಬೆಲೆಯ ವಿಷಯ.

ಆಫೀಸ್ ಕೆಲಸಕ್ಕೆ ಫ್ರಾನ್ಸ್‌ಗೆ ಹೋಗಿ ಬಂದವರೆಲ್ಲ ಹೇಳೋದು ಒಂದೇ. ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಐದು ಯೂರೋ ಕೊಟ್ಟರೆ ಒಳ್ಳೇ ವೈನ್, ಇಲ್ಲಿ ಬೆಂಗಳೂರಲ್ಲಿ ಅದಕ್ಕೆ ಸಾವಿರಗಟ್ಟಲೆ. ವಾಪಸ್ ಬರುವಾಗ ಡ್ಯೂಟಿ ಇಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ ಎರಡೇ ಬಾಟಲಿ. ಮೂರನೆಯದು ಸೇರಿದರೆ 2.25 ಲೀಟರ್ ಆಗಿಬಿಡುತ್ತೆ!

ಆಮದು ವೈನ್ ಮೇಲೆ ನಮ್ಮಲ್ಲಿ ವರ್ಷಗಳಿಂದ ಇರೋದು ಶೇ. 150 ಸುಂಕ. 2021ರ ಬಜೆಟ್‌ನಲ್ಲಿ ಅದನ್ನು 50 ಸುಂಕ, 100 ಕೃಷಿ ಸೆಸ್ ಅಂತ ಒಡೆದರು, ಒಟ್ಟು ಮಾತ್ರ ಅಷ್ಟೇ. ಬಂದರಿಗೆ 500 ರೂಪಾಯಿಗೆ ಬಂದ ಬಾಟಲಿ ಅಂತ ಇಟ್ಕೊಳ್ಳಿ. ಗೇಟು ದಾಟುವಾಗ ಅದು 1,250. ಮದ್ಯ ಜಿಎಸ್‌ಟಿಗೆ ಬರಲ್ಲ, ಹಾಗಾಗಿ ರಾಜ್ಯದ ತೆರಿಗೆ ಬೇರೆ. ಆಮದುದಾರನ ಲಾಭ, ಅಂಗಡಿಯವನ ಲಾಭ ಎಲ್ಲವೂ ಕೂರೋದು ಆ 1,250ರ ಮೇಲೆ, 500ರ ಮೇಲಲ್ಲ. ಇವೆಲ್ಲ ಸೇರಿ ಇನ್ನೊಂದು ಪಟ್ಟು ಅಂದುಕೊಂಡರೂ 2,500 ಆಯ್ತು. ಕೋಡ್‌ನಲ್ಲಿ ಲೂಪ್ ಒಳಗೆ ಲೂಪ್ ಹಾಕಿದ ಹಾಗೆ.

2026ರ ಜನವರಿ 27ರಂದು ದೆಹಲಿಯಲ್ಲಿ ಭಾರತ ಮತ್ತು ಯುರೋಪಿಯನ್ ಯೂನಿಯನ್ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿಯಿತು ಅಂತ ಘೋಷಿಸಿದವು. ಒಪ್ಪಂದ ಜಾರಿಯಾದಾಗ 150 ಇದ್ದದ್ದು 75ಕ್ಕೆ, ಆಮೇಲೆ ವರ್ಷಗಳ ಕಾಲ ಮೆಟ್ಟಿಲು ಮೆಟ್ಟಿಲಾಗಿ ಇಳಿದು ದುಬಾರಿ ವೈನ್‌ಗೆ 20ರವರೆಗೆ. ತೀರಾ ಅಗ್ಗದ್ದಕ್ಕೆ ಈ ರಿಯಾಯಿತಿ ಇಲ್ಲ. ನಮ್ಮ ಟೀಮ್ ಗ್ರೂಪಿನಲ್ಲಿ ಅವತ್ತು ಬರೀ ಗ್ಲಾಸ್ ಇಮೋಜಿ. ಆದರೆ ಲೆಕ್ಕ ಹಾಕಿ ನೋಡಿ, 75 ಆದಾಗ 1,250 ಇದ್ದದ್ದು 875. ಶೇಕಡಾ ಲೆಕ್ಕದ ಲಾಭ, ತೆರಿಗೆ ಅದರ ಜೊತೆ ಇಳಿಯಬಹುದು. ಲೀಟರ್ ಲೆಕ್ಕದ್ದು, ಗೋದಾಮಿನ ಬಾಡಿಗೆ, ಸಾಗಾಟ ಇಳಿಯಲ್ಲ. ಬೆಲೆ ಅರ್ಧ ಆಗುತ್ತೆ ಅಂತ ಕಾಯ್ತಾ ಇರೋರಿಗೆ ನನ್ನ ಸಂತಾಪ.

ಅದೇ ವಾರ ದೊಡ್ಡಬಳ್ಳಾಪುರದ ಕಡೆಯಿಂದ ದೊಡ್ಡಪ್ಪ ಫೋನ್ ಮಾಡಿದ್ರು. "ಅಲ್ಲ ಕಣಪ್ಪಾ, ಅವ್ರ ವೈನ್ ಅಗ್ಗ ಆದ್ರೆ ನಮ್ ದ್ರಾಕ್ಷಿ ಯಾರು ತಗೋತಾರೆ?"

ಅವರದು ಎರಡು ಎಕರೆ ಚಪ್ಪರ, ಪೂರಾ ಬೆಂಗಳೂರು ಬ್ಲೂ. ನೇರಳೆ ಬಣ್ಣ, ಸಿಪ್ಪೆ ದಪ್ಪ, ಕೈಗೆ ಅಂಟಿಕೊಳ್ಳೋ ವಾಸನೆ. ಜಿಐ ಟ್ಯಾಗ್ ಇರೋ ಹಣ್ಣು. ಅಮೆರಿಕದ ಇಸಾಬೆಲ್ಲಾ ತಳಿಗೆ ಇದು ಹತ್ತಿರದ್ದು ಅಂತಾರೆ. ಆ ಇಸಾಬೆಲ್ಲಾ ವೈನನ್ನು ಫ್ರಾನ್ಸ್ 1934ರ ಕಾನೂನಿನಲ್ಲೇ ಮಾರುಕಟ್ಟೆಯಿಂದ ಹೊರಗಿಟ್ಟಿತ್ತು. ನಮ್ಮಲ್ಲಿ ಬ್ಲೂ ಹೋಗೋದು ಜ್ಯೂಸಿಗೆ, ಸಿಹಿಯಾದ ಅಗ್ಗದ ವೈನಿಗೆ, ಗಾಡಿ ಮೇಲೆ ತಿನ್ನೋ ಹಣ್ಣಾಗಿ. ಐದು ಯೂರೋ ಬಾಟಲಿಗೆ ಎದುರು ನಿಲ್ಲೋದು ಅದಲ್ಲ. ನಂದಿ ಬೆಟ್ಟದ ಬುಡದಲ್ಲಿ 1988ರಲ್ಲಿ ಗ್ರೋವರ್ ಕುಟುಂಬ ಶುರು ಮಾಡಿದ್ದು ಫ್ರೆಂಚ್ ತಳಿಗಳಿಂದ. ಸ್ಪರ್ಧೆ ಅಂಥ ವೈನರಿಗಳಿಗೆ.

"ಹಂಗಾದ್ರೆ ಈ 150 ಪರ್ಸೆಂಟು ನಂಗೇನು ಮಾಡ್ತು?" ಅಂದ್ರು.

ನನಗೂ ಅದೇ ಪ್ರಶ್ನೆ. ಗೋಡೆ ಇಷ್ಟು ವರ್ಷ ನಿಂತೇ ಇತ್ತು. ಆದರೂ ದೇವನಹಳ್ಳಿ ಸುತ್ತ ಚಪ್ಪರಗಳು ಹೋಗಿ ಲೇಔಟ್ ಆದವು. ಏರ್‌ಪೋರ್ಟ್ ಬಂದ ಮೇಲೆ ಭೂಮಿಗೆ ಬಂದ ರೇಟಿನ ಮುಂದೆ ಯಾವ ದ್ರಾಕ್ಷಿ ನಿಲ್ಲುತ್ತೆ? ಸೆಸ್ಸಿನ ಹೆಸರಲ್ಲಿ ಕೃಷಿ ಇದೆ, ದೊಡ್ಡಪ್ಪನ ಬೋರ್‌ವೆಲ್‌ಗೆ ಅದರ ನೀರು ಬಂದಿಲ್ಲ.

ಅವರು ಫೋನ್ ಮಾಡಿದ ಅಸಲು ಕಾರಣ ಆಮೇಲೆ ಬಂತು. ಯಾರೋ ಏಜೆಂಟ್ ಒಬ್ಬ, ಬ್ಲೂ ಕಿತ್ತು ಶಿರಾಜ್ ಹಾಕಿ, ವೈನರಿಯವರು ತಗೋತಾರೆ ಅಂದಿದ್ದಾನಂತೆ. ಸಸಿ, ಕಂಬ, ತಂತಿ, ಡ್ರಿಪ್ ಎಲ್ಲ ಹೊಸದು. ಮೊದಲ ಫಸಲಿಗೆ ಎರಡು ಮೂರು ವರ್ಷ. ದುಡ್ಡು ನಾನು ಹಾಕಬೇಕು. ಆ ಬಳ್ಳಿ ಫಲ ಕೊಡೋ ಹೊತ್ತಿಗೇ ಸುಂಕ ಇಳೀತಾ ಇರುತ್ತೆ. ಅಂದರೆ ನಾವು ಗೋಡೆಯ ಆಸರೆ ಬೇಕಿಲ್ಲದ ಬೆಳೆ ಕಿತ್ತು, ಗೋಡೆ ಬೀಳುವಾಗಲೇ ಅದರ ಆಸರೆ ಬೇಕಾದ ಬೆಳೆ ಹಾಕಿದ ಹಾಗಾಗುತ್ತೆ. ವೈನ್ ಕೊಳ್ಳೋ ನನಗೆ ಲಾಭವಾದದ್ದೇ ತೋಟದ ಪಾಲುದಾರ ನನಗೆ ನಷ್ಟ.

ಎರಡು ದಿನ ಯೋಚಿಸಿ ಹೇಳಿದೆ, "ದೊಡ್ಡಪ್ಪಾ, ಅರ್ಧ ಎಕರೆ ಮಾತ್ರ ಮಾಡೋಣ. ಅದೂ ವೈನರಿಯವರು ಎಷ್ಟು ವರ್ಷ, ಕೆಜಿಗೆ ಎಷ್ಟಕ್ಕೆ ತಗೋತೀವಿ ಅಂತ ಪೇಪರ್ ಮೇಲೆ ಬರೆದುಕೊಟ್ರೆ. ಏಜೆಂಟ್ ಬಾಯಿಮಾತಿಗೆ ಒಂದು ಬಳ್ಳಿನೂ ಕೀಳೋದು ಬೇಡ."

"ಬರೆದು ಕೊಡಲ್ಲ ಅಂದ್ರೆ?"

"ಬ್ಲೂ ಇರಲಿ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಕೇಳ್ತೀನಿ. ನೀನು ಭಾನುವಾರ ಬಾ, ಅವನನ್ನ ಕರೆಸಿರ್ತೀನಿ" ಅಂದ್ರು.