ಹನ್ನೆರಡು ಸಾಲಿನ ಬುತ್ತಿ

ಬುತ್ತಿ ಕಟ್ಟುವುದೂ ಒಂದು ವಿದ್ಯೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಉಣ್ಣುವಾಗ ಉಪ್ಪು ಸಾಲದಿದ್ದರೆ ಕೈನೀಡಿ ಹಾಕಿಕೊಳ್ಳಬಹುದು. ದಾರಿಯಲ್ಲಿ ಬುತ್ತಿ ಬಿಚ್ಚುವವನ ಬಳಿ ಉಪ್ಪಿನ ಮರಿಗೆ ಇರುವುದಿಲ್ಲ. ಆ ಮಾತು ನನಗೆ ಅರ್ಥವಾದದ್ದು ಈ ವರ್ಷ, ಗಣಕಯಂತ್ರದ ಮುಂದೆ ಕುಳಿತಾಗ.

ನನ್ನದು ಹನ್ನೆರಡು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್. ಗಣಕಕ್ಕೆ ಒಂದರ ಹಿಂದೊಂದು ಕೊಡುವ ಅಪ್ಪಣೆಗಳ ಪಟ್ಟಿ, ಅಷ್ಟೆ. ಪಾಠದ ಟಿಪ್ಪಣಿಗಳಿಗೆ ತಾರೀಖು ಹಾಕಿ ಪೆನ್‌ಡ್ರೈವಿಗೆ ನಕಲು ಮಾಡುವುದು ಅದರ ಕೆಲಸ. ಹಾಸ್ಟೆಲಿನ ಗೆಳೆಯರು ತಮಗೂ ಬೇಕೆಂದರು. ಅವರ ಯಂತ್ರಗಳಲ್ಲಿ ಇದ್ದುದು ಡೆಬಿಯನ್, 1993ರಲ್ಲಿ ಆರಂಭವಾದ ಲಿನಕ್ಸ್ ವಿತರಣೆ. ಅದರ ಪದ್ಧತಿಯಂತೆಯೇ ಪೊಟ್ಟಣ ಕಟ್ಟಲು ಹೊರಟೆ.

ಮೊದಲು ಸ್ಕ್ರಿಪ್ಟನ್ನು ಗಿಟ್‌ಗೆ ಒಪ್ಪಿಸಿದೆ. ಗಿಟ್ ಎಂದರೆ ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರಿನೊಡನೆ ಬರೆದಿಡುವ ಶಾನುಭೋಗ. ಜೊತೆಗೆ ‘ಡೆಬಿಯನ್’ ಎಂಬ ಒಂದು ಫೋಲ್ಡರು. ಅದರಲ್ಲಿ ಪರಿಚಯಕ್ಕೊಂದು ಕಡತ, ಕಟ್ಟುವ ವಿಧಾನಕ್ಕೊಂದು, ಬದಲಾವಣೆಗಳ ದಿನಚರಿಗೊಂದು, ಹಕ್ಕುಸ್ವಾಮ್ಯಕ್ಕೊಂದು. ಹನ್ನೆರಡು ಸಾಲಿನ ವರನಿಗೆ ಇಷ್ಟು ದಿಬ್ಬಣವೇ ಎಂದು ನಗು ಬಂತು.

ನಗು ಬಹಳ ಹೊತ್ತು ಉಳಿಯಲಿಲ್ಲ. ನನ್ನ ಯಂತ್ರದ ಫೆಡೋರದಲ್ಲಿ ‘ಎಸ್‌ಎಚ್’ ಎಂದು ಕರೆದರೆ ಬ್ಯಾಷ್ ಓಗೊಡುತ್ತದೆ. ಡೆಬಿಯನ್ನಿನಲ್ಲಿ ಓಗೊಡುವುದು ಡ್ಯಾಷ್. ನಾನು ಬಳಸಿದ್ದ ಜೋಡಿ ಆವರಣ ಅದಕ್ಕೆ ತಿಳಿಯದು. ಅಜ್ಜಿಯ ಉಪ್ಪು ನೆನಪಾಯಿತು! ಆಮೇಲೆ ಲಿಂಟಿಯನ್ ಎಂಬ ಪರೀಕ್ಷಕ, ಹೆಸರಿನ ಕೊನೆಗೆ ‘.ಎಸ್‌ಎಚ್’ ಬಾಲವೇಕೆ, ಕೈಪಿಡಿ ಎಲ್ಲಿ ಎಂದು ಆಕ್ಷೇಪಿಸಿದ. ಎಲ್ಲವನ್ನೂ ತಿದ್ದಿದೆ.

ಉಳಿದದ್ದು ಹಕ್ಕುಸ್ವಾಮ್ಯದ ಕಡತ. ಬರೆದವರು ಯಾರೆಂದು ಅಲ್ಲಿ ಹೇಳಬೇಕು. ನನ್ನ ಹೆಸರು ಹಾಕಿದೆ. ಲಿಂಟಿಯನ್ ತುಟಿಪಿಟಕ್ಕೆನ್ನಲಿಲ್ಲ. ಕಡತ ಇದೆಯೇ ಎಂದು ಅವನು ನೋಡಬಲ್ಲನೇ ಹೊರತು, ಅದರಲ್ಲಿರುವುದು ನಿಜವೇ ಎಂದು ಹೇಗೆ ಬಲ್ಲ?

ನಿಜವೇನೆಂದರೆ, ಹನ್ನೆರಡರಲ್ಲಿ ಐದು ಸಾಲು ನನ್ನ ಕೊಠಡಿಯ ಗೆಳೆಯನವು. ಹೆಸರಿನ ನಡುವೆ ತೆರಪಿರುವ ಕಡತಗಳು ನಕಲಾಗದೆ ನಾನು ಪೇಚಾಡುತ್ತಿದ್ದ ರಾತ್ರಿ ಅವನು ನಿದ್ದೆಗೆಟ್ಟು ಸರಿಪಡಿಸಿದ್ದ. ಹೊಗಳಿಕೆ ಬಂದಾಗ ಮಾತ್ರ ನಾನೊಬ್ಬನೇ ಸ್ವೀಕರಿಸಿದ್ದೆ. ಅಂದಿನಿಂದ ಅವನ ಮಾತು ಕಡಮೆಯಾಗಿತ್ತು. ಕಾರಣ ತಿಳಿಯದವನಂತೆ ನಾನಿದ್ದೆ.

ಪೊಟ್ಟಣ ಹಂಚಿಯಾಗಿತ್ತು. ಆದರೂ ಮನಸ್ಸು ತಡೆಯಲಿಲ್ಲ. ಮೂರನೆಯ ದಿನ ಅವನ ಮಂಚದ ಬಳಿ ಹೋಗಿ, “ನಿನ್ನ ಸಾಲುಗಳನ್ನು ಹಂಚುವುದಕ್ಕೆ ನಿನ್ನ ಒಪ್ಪಿಗೆ ಬೇಕು ಕಣೋ” ಎಂದೆ.

“ಈಗ ನೆನಪಾಯಿತೇನೋ?” ಎಂದ, ಪುಸ್ತಕದಿಂದ ತಲೆಯೆತ್ತದೆ. ಸ್ವಲ್ಪ ಹೊತ್ತಿನ ಮೇಲೆ, “ಹೆಸರು ಸರಿಯಾಗಿ ಬರಿ. ಇನಿಷಿಯಲ್ ಬಿಡಬೇಡ” ಎಂದ.

ಬರೆದೆ. 1.0-1 ಆಗಿದ್ದ ಪೊಟ್ಟಣ 1.0-2 ಆಯಿತು. ಅಡ್ಡಗೆರೆಯ ಎಡಕ್ಕಿರುವುದು ಸ್ಕ್ರಿಪ್ಟಿನ ಸಂಖ್ಯೆ. ಬಲಕ್ಕಿರುವುದು ಕಟ್ಟಿದವನ ಕೆಲಸದ್ದು. ತಪ್ಪಿದ್ದುದು ಕಟ್ಟಿದವನಲ್ಲಿಯೇ ತಾನೆ? ದಿನಚರಿಯಲ್ಲಿ ಹಳೆಯದನ್ನು ಅಳಿಸುವ ಪದ್ಧತಿಯಿಲ್ಲ. ಹೊಸದನ್ನು ಅದರ ಮೇಲೆ ಬರೆಯಬೇಕು. ನನ್ನ ಮೊದಲಿನ ಸುಳ್ಳು ಗಿಟ್‌ನ ಲೆಕ್ಕದಲ್ಲಿ ಇಂದಿಗೂ ಹಾಗೆಯೇ ಇದೆ. ಇರಲಿ. ಅದರ ಮೇಲೆ ಈಗ ಇನ್ನೊಂದು ಸಾಲಿದೆ: ‘ಬರೆದವರ ಹೆಸರನ್ನು ಸರಿಪಡಿಸಿದೆ.’