ಕಲ್ಲೊಡ್ಡು

ನಮ್ಮ ಘತ್ತರಗಿಯಲ್ಲಿ ಭೀಮಾ ದಂಡೆ ಕುಸಿಯುತ್ತಿದ್ದದ್ದು ಹೊಳೆ ಏರುವಾಗ ಅಲ್ಲ, ಇಳಿಯುವಾಗ. ನೆರೆ ನಿಂತಿರುವ ತನಕ ನೀರೇ ದಂಡೆಗೆ ಒತ್ತುಗೊಟ್ಟು ನಿಲ್ಲುತ್ತಿತ್ತು. ಹೊಳೆ ಸರ್ರನೆ ಇಳಿದರೆ, ಹೊಟ್ಟೆ ತುಂಬ ನೀರು ಕುಡಿದ ಎರೆಮಣ್ಣಿಗೆ ಆಸರೆ ತಪ್ಪಿ, ಬೇವಿನ ಗಿಡದ ಸಮೇತ ಜಾರಿಹೋಗುತ್ತಿತ್ತು. ಅದಕ್ಕೇ ನೆರೆ ಹೋದ ಮೇಲೂ ನಮ್ಮ ಕಾಕಾ ಎತ್ತುಗಳನ್ನು ದಂಡೆಗೆ ಬಿಡುತ್ತಿರಲಿಲ್ಲ.

1972ರ ಬರದಲ್ಲಿ ಹಳ್ಳ ಒಣಗಿದ್ದಾಗಲೇ ಕಾಕಾ ಹೊಲದ ಅಂಚಿಗೆ ಕಲ್ಲೊಡ್ಡು ಹಾಕಿಸಿದರು. ಆಳಿಗೆ ದಿನಕ್ಕೆ ಎರಡು ರೂಪಾಯಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ತತ್ರಾಣಿಯ ತಣ್ಣೀರು ಬೇರೆ. ಹಾರಿಯಿಂದ ಮೀಟಿದ ಕರಿಕಲ್ಲು ಬಂಡಿಯಲ್ಲಿ ಬಂತು. ಗಾರೆ ಹಾಕಲಿಲ್ಲ. ಬುಡ ಎತ್ತರದ ಅರ್ಧದಷ್ಟು ಅಗಲ. ಗೋಡೆ ಒಂದು ಮೊಳ ಏರಿದರೆ ನಾಲ್ಕು ಬೆರಳು ಹೊಲದ ಕಡೆ ವಾಲಬೇಕು. ಬೆನ್ನಿಗೆ ಚಕ್ಕೆಗಲ್ಲು ತುಂಬುವುದು ಹುಡುಗರ ಪಾಲು. ಬುಟ್ಟಿ ಹೊತ್ತ ನಾನು ಇಡೀ ಒಡ್ಡಿಗೆ ನಾನೇ ಮೇಸ್ತ್ರಿ ಎಂದು ಮೆರೆದಿದ್ದೆ. "ಸಂದಿಗೆ ಮಣ್ಣು ಮೆತ್ತಲೇನ್ರೀ ಕಾಕಾ?" ಎಂದು ಕೇಳಿದೆ. "ಬ್ಯಾಡಪಾ, ನೀರಿಗಿ ದಾರಿ ಬಿಡಬೇಕು. ಇಲ್ಲಂದ್ರ ಅದೇ ದೂಕಿ ಕೆಡವ್ತದ" ಎಂದರು. ಮುಂದೆ ಮಳೆ ಹಿಡಿದಾಗ ಓಡಿಹೋಗಿ ನೋಡಿದೆ. ಸಂದಿಸಂದಿಯಿಂದ ತಿಳಿನೀರು ಜಿನುಗುತ್ತಿತ್ತು. ಮಣ್ಣು ಹಿಂದೆಯೇ ಉಳಿದಿತ್ತು.

ಆಮೇಲೆ ಸಿಮೆಂಟು ಬಂತು. ಓಣಿಯಲ್ಲೊಬ್ಬರು ಹಿತ್ತಲಿಗೆ ಒಂದು ತೂತೂ ಬಿಡದೆ ಗಟ್ಟಿ ಗೋಡೆ ಎತ್ತಿಸಿದರು. ಬೇಸಿಗೆಯಲ್ಲಿ ಗೇಣಗಲ ಬಿರಿದ ಎರೆ, ಮಳೆಗಾಲದಲ್ಲಿ ನೀರು ಹೀರಿ ಉಬ್ಬಿತು. ಗೋಡೆ ಹೊಟ್ಟೆ ಬಿಟ್ಟು ಮಲಗಿತು.

2020ರ ಅಕ್ಟೋಬರಿನಲ್ಲಿ ಭೀಮೆ ಮೈದುಂಬಿ ನಮ್ಮ ಸೇತುವೆಯನ್ನೇ ಮುಳುಗಿಸಿದಳು. ನೀರು ಇಳಿದ ಮೇಲೆ ಹಸಿ ರಾಡಿಯ ವಾಸನೆ ವಾರಗಟ್ಟಲೆ ಹೋಗಲಿಲ್ಲ.

ಇಂಥ ದಂಡೆಗೆ ಒಪ್ಪುವ ತಂತಿಪೆಟ್ಟಿಗೆಯ ಗೋಡೆಯನ್ನು ನಾನು ಮೊದಲು ಕಂಡದ್ದು ಘಟ್ಟದ ರಸ್ತೆಯಲ್ಲಿ. ಗೇಬಿಯನ್ ಅನ್ನುತ್ತಾರೆ. ಸತು ಲೇಪಿಸಿದ ತಂತಿಯ ಜಾಳಿಗೆ. ಮೀಟರು ಅಳತೆಯ ಒಂದೊಂದು ಪೆಟ್ಟಿಗೆಗೆ ಒಂದೂವರೆ ಟನ್ನಿನಷ್ಟು ಕಲ್ಲು. ಒಂದರ ಮೇಲೊಂದು ಪೇರಿಸಿ, ತಂತಿಯಿಂದ ಹೊಲಿದು, ಮಣ್ಣು ಸೋರದಂತೆ ಬೆನ್ನಿಗೆ ಸೋಸುಬಟ್ಟೆ ಹಾಸುತ್ತಾರೆ. ನೆಲ ಸ್ವಲ್ಪ ಕುಸಿದರೆ ಗೋಡೆಯೂ ಬಾಗುತ್ತದೆ, ಸಿಮೆಂಟಿನಂತೆ ಸೀಳುವುದಿಲ್ಲ. ನೀರಿಗೆ ದಾರಿ ಇದ್ದೇ ಇದೆ. ಕಾಕಾ ಇದ್ದಿದ್ದರೆ ಕೈಯಿಟ್ಟು ನೋಡಿ ಒಪ್ಪುತ್ತಿದ್ದರು.

ನಮ್ಮ ದಂಡೆಗೂ ಇದೇ ಆಗಬೇಕು ಎಂದು ಈಗಿನ ಹುಡುಗರಿಗೆ ಹೇಳುತ್ತಲೇ ಇದ್ದೇನೆ. ತಾಸಿಗೆ ಸಾವಿರ ರೂಪಾಯಿ ಬಾಡಿಗೆ ದಾಟಿದ ಜೆಸಿಬಿ ಕಲ್ಲು ಸುರಿದು ಹೋದರೆ ಕೆಲಸ ಮುಗಿಯದು. ಪೆಟ್ಟಿಗೆಯ ಮುಖದ ಕಲ್ಲನ್ನು ಕೈಯಿಂದಲೇ ಬಿಗಿಯಾಗಿ ಹೊಂದಿಸಬೇಕು. ಆ ಕೆಲಸ ಬಲ್ಲ ಇಬ್ಬರು ಮುದುಕರು ಊರಲ್ಲಿ ಇನ್ನೂ ಇದ್ದಾರೆ. ಈ ಬೇಸಿಗೆಯಲ್ಲೇ ಅವರನ್ನು ಕರೆಸಿ ಕಲಿತುಕೊಳ್ಳಿ.