ಚರ್ಮಪೀಠದ ಹದ

ಯಲಹಂಕದ ಹಳೆಯ ಊರಿನಿಂದ ಹೆಬ್ಬಾಳದ ಕೆರೆಗೆ ಬಳ್ಳಾರಿ ರಸ್ತೆಯ ಮೇಲೆ ಸುಮಾರು 8 ಕಿಲೋಮೀಟರುಗಳ ದಾರಿ. ಈ ದಾರಿಯಲ್ಲಿ ನಾವು ಮೂರು ತಿಂಗಳಿಂದ ಸೂರ್ಯೋದಯಕ್ಕೆ ಮುನ್ನ ಬೈಸಿಕಲ್ಲನ್ನೇರಿ ಹೊರಡುತ್ತಿದ್ದೇವೆ. ಉದ್ದೇಶವು ವಾಯುಸೇವನೆಯೊಂದೇ ಅಲ್ಲ. ಹೊಸದೊಂದು ಚರ್ಮಪೀಠವನ್ನು ಹದಗೊಳಿಸುವುದು.

ಇಂತಹ ಪೀಠಗಳಿಗೆ ಇಂಗ್ಲೆಂಡಿನ ಬ್ರೂಕ್ಸ್ ಎಂಬ ಹೆಸರು ಪ್ರಸಿದ್ಧವಾದುದು. ಜಾನ್ ಬೌಲ್ಟ್‌ಬಿ ಬ್ರೂಕ್ಸ್ ಎಂಬಾತನು 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಚರ್ಮದ ಉದ್ಯಮವನ್ನಾರಂಭಿಸಿ, 1882ರಲ್ಲಿ ಬೈಸಿಕಲ್ ಪೀಠಕ್ಕೆ ಪೇಟೆಂಟನ್ನು ಬೇಡಿದನು. ದಪ್ಪನಾದ ತೊಗಲು ಮುಂದೆಯೂ ಹಿಂದೆಯೂ ಮಾತ್ರ ಲೋಹದ ಚೌಕಟ್ಟಿಗೆ ಬಿಗಿಯಲ್ಪಟ್ಟು, ನಡುವೆ ಜೋಲಿಯಂತೆ ಆಧಾರವಿಲ್ಲದೆ ನಿಂತಿರುವುದು. ಸವಾರನ ಭಾರದಿಂದಲೂ ಮೈಯ ಶಾಖದಿಂದಲೂ, ಕುಳಿತುಕೊಳ್ಳುವ ಎರಡು ಎಲುಬುಗಳ ಕೆಳಗೆ ಅದು ಮೆಲ್ಲಮೆಲ್ಲನೆ ತಗ್ಗುವುದು. ಹೀಗೆ ಪಕ್ವವಾದ ಪೀಠವು ಒಬ್ಬನಿಗೆ ಸುಖಕರ. ಇನ್ನೊಬ್ಬನಿಗೆ ಅಷ್ಟಾಗಿ ಒಗ್ಗದು.

ಈ ಸಂಗತಿಯನ್ನರಿಯದೆ ಯೌವನದಲ್ಲಿ ನಾವೊಂದು ತಪ್ಪನ್ನೆಸಗಿದೆವು. ನಮ್ಮ ತೀರ್ಥರೂಪರು ಸ್ವರ್ಗಸ್ಥರಾದ ಮೇಲೆ ಅವರ ಬೈಸಿಕಲ್ಲು ನಮ್ಮ ಪಾಲಿಗೆ ಬಂದಿತು. ಪೀಠವು ನಮಗೆ ಒತ್ತುತ್ತಿದ್ದುದರಿಂದ, ಬೇಗನೆ ಮೆತ್ತಗಾಗಲೆಂದು ಒಂದು ರಾತ್ರಿಯೆಲ್ಲ ಅದನ್ನು ಹರಳೆಣ್ಣೆಯಲ್ಲಿ ನೆನೆಯಿಸಿದೆವು. ತಿಂಗಳೊಳಗಾಗಿ ತೊಗಲು ಜೋತುಬಿದ್ದಿತು. ತಂದೆಯವರು ಇಪ್ಪತ್ತು ವರ್ಷ ಕುಳಿತು ಮೂಡಿಸಿದ್ದ ಎರಡು ತಗ್ಗುಗಳೂ ಅದರೊಡನೆ ಅಳಿಸಿಹೋದುವು. ಅವರ ಭಾವಚಿತ್ರವು ನಮ್ಮಲ್ಲಿದೆ. ಆ ಗುರುತು ಮಾತ್ರ ಮತ್ತೆ ದೊರೆಯದು.

ಆದುದರಿಂದ ಈ ಸಲ ತ್ವರೆಪಡಲಿಲ್ಲ. ಪೀಠವನ್ನು ಸಮತಲವಾಗಿಟ್ಟು, ಮೇಣ ಬೆರೆತ ಲೇಪವನ್ನು ತೆಳ್ಳಗೆ ಬಳಿದು ಒರಸಿದೆವು. ಮೊದಲು ಕೋಗಿಲು ಅಡ್ಡರಸ್ತೆಯವರೆಗೆ, ಬಳಿಕ ಜಕ್ಕೂರಿನವರೆಗೆ, ತಿಂಗಳು ಕಳೆದ ಮೇಲೆ ಹೆಬ್ಬಾಳಕ್ಕೆ. ಮಳೆಯಲ್ಲಿ ನೆನೆದ ದಿನ ಸವಾರಿಯನ್ನು ಬಿಟ್ಟು, ಬಿಸಿಲಿಗೂ ಒಲೆಗೂ ಒಡ್ಡದೆ ನೆರಳಿನಲ್ಲಿ ಆರಿಸಿದೆವು. ಮುಂಭಾಗದ ಬಿಗಿಯುವ ತಿರುಪು ಸಡಿಲವಾದ ತೊಗಲಿಗೆ ಮದ್ದು. ಹೊಸದಕ್ಕಲ್ಲವೆಂದು ಅದನ್ನು ಮುಟ್ಟಲೇ ಇಲ್ಲ. ನಮ್ಮ ನಾಡಿನಲ್ಲಿ ತಂಗಡಿಯ ತೊಗಟೆಯಿಂದ ತೊಗಲನ್ನು ಹದಮಾಡುತ್ತಿದ್ದವರೂ ದಿನಗಟ್ಟಲೆ ಕಾಯುತ್ತಿದ್ದರಲ್ಲವೆ! ಹದವೆಂಬುದು ಕಾಲವನ್ನು ಬೇಡುವುದು.

ಹೆಬ್ಬಾಳದಲ್ಲಿ ಕಿಟ್ಟಯ್ಯನೆಂಬ ವೀರನ ಶಾಸನವುಂಟು. 2018ರಲ್ಲಿ ಬೆಳಕಿಗೆ ಬಂದ ಇದನ್ನು ಕ್ರಿ. ಶ. 750ರದೆಂದು ವಿದ್ವಾಂಸರು ಎಣಿಸಿದ್ದಾರೆ. ಕಲ್ಲಿನ ಗುರುತು ಅಷ್ಟು ಕಾಲ ಉಳಿದಿದೆ. ನಾವು ತೊಗಲಿನ ಗುರುತನ್ನು ಒಂದೇ ರಾತ್ರಿಯಲ್ಲಿ ಕಳೆದೆವು.

ನಿನ್ನೆ ಪೀಠವನ್ನು ಒರಸುವಾಗ ಎರಡು ಸಣ್ಣ ತಗ್ಗುಗಳು ಬೆರಳಿಗೆ ತಾಗಿದವು. ಇದಕ್ಕೆಂದಿಗೂ ಎಣ್ಣೆ ಹುಯ್ಯಬಾರದೆಂದು ಮಗನಿಗೆ ಹೇಳಿಟ್ಟಿದ್ದೇವೆ.